ವಲಸೆ, ಅಭಿವೃದ್ಧಿ ಮತ್ತು ನಾಗರಿಕ ಸಂಘಟನೆಗಳು: ಕೋಪರಖೈರಣೆಯ ನಿದರ್ಶನ

ಠಾಣೆಯಿಂದ ವಾಶಿಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಕೋಪರಖೈರಣೆ ಒಂದು ನಿಲ್ದಾಣ. ನವಿ ಮುಂಬಯಿ ಮಹಾನಗರಪಾಲಿಕೆಯ ವ್ಯಾಪ್ತಿಗೆ ಸೇರಿದ ಈ ವಸತಿ ಪ್ರದೇಶದಲ್ಲಿ ಮೂರು ಬಗೆಯ ಜನರು ಅಕ್ಕಪಕ್ಕದಲ್ಲಿ ಬಾಳುತ್ತಿದ್ದಾರೆ. ಮೊದಲನೆಯವರು ಈ ನೆಲದ ಮೂಲ ನಿವಾಸಿಗಳಾದ ಆಗರಿ ಮತ್ತು ಕೋಳಿ ಸಮುದಾಯದವರು. ಇವರು ಎಲ್ಲಿಗೂ ವಲಸೆ ಹೋದವರಲ್ಲ. ನಗರವೇ ಇವರಿದ್ದಲ್ಲಿಗೆ ಬಂದಿತು. ಎರಡನೆಯವರು ಸಾತಾರಾ ಮೊದಲಾದ ಜಿಲ್ಲೆಗಳಿಂದ ಮುಂಬಯಿಗೆ ಬಂದು ಸಗಟು ಮಾರುಕಟ್ಟೆಗಳಲ್ಲಿ ತಲೆಹೊರೆಯ ಕೆಲಸ ಮಾಡಿದ ಮಾಥಾಡಿ ಕಾರ್ಮಿಕರು ಮತ್ತು ಅವರ ಕುಟುಂಬದವರು. ಮೂರನೆಯವರು ಕಟ್ಟಡ ನಿರ್ಮಾಣ, ಮನೆಗೆಲಸ, ಸಾಗಾಣಿಕೆ ಮುಂತಾದ ದುಡಿಮೆಗಾಗಿ ದೂರದ ಜಿಲ್ಲೆ ಹಾಗೂ ರಾಜ್ಯಗಳಿಂದ ಬಂದವರು. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಮುಂಬಯಿ ಪರಿಸರಕ್ಕೆ ಗುಳೆ ಬರುವ ಕನ್ನಡಿಗರು ಈ ಮೂರನೆಯ ವರ್ಗಕ್ಕೆ ಸೇರಿದವರು.

ಮೂವರೂ ಶ್ರಮಜೀವಿಗಳು. ಆದರೆ ಕಾನೂನಿನ ರಕ್ಷಣೆ ಮೂವರಿಗೂ ಒಂದೇ ರೀತಿಯಲ್ಲಿ ದೊರೆತಿಲ್ಲ. ಮಾಥಾಡಿ ಕಾರ್ಮಿಕನಿಗೆ ಭವಿಷ್ಯನಿಧಿ, ವೈದ್ಯಕೀಯ ನೆರವು, ಉಪದಾನ ಇವೆ. ಅದೇ ಬೀದಿಯಲ್ಲಿ ಕಟ್ಟಡ ಕಟ್ಟುವ ಗುಳೆ ಕಾರ್ಮಿಕನ ಹೆಸರು ಅನೇಕ ವೇಳೆ ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ಈ ಅಂತರಕ್ಕೆ ಕಾರಣವೇನು? ದುಡಿಮೆಯ ಕಾಠಿಣ್ಯದಲ್ಲಿ ಇಬ್ಬರಿಗೂ ಹೆಚ್ಚು ವ್ಯತ್ಯಾಸವಿಲ್ಲ. ತಮ್ಮ ಸ್ಥಿತಿಯನ್ನು ಸಂಘಟಿತರಾಗಿ ಸರ್ಕಾರದ ಮುಂದಿಡಲು ಒಬ್ಬರಿಗೆ ಸಾಧ್ಯವಾಯಿತು, ಇನ್ನೊಬ್ಬರಿಗೆ ಬಹುಕಾಲ ಆಗಲಿಲ್ಲ. ವಲಸೆ ಮತ್ತು ಅಭಿವೃದ್ಧಿಗೆ ಸಂಬಂಧಿಸಿದ ನೀತಿಗಳನ್ನು ರೂಪಿಸುವಲ್ಲಿ ನಾಗರಿಕ ಸಂಘಟನೆಗಳು ವಹಿಸಿದ ಪಾತ್ರವನ್ನು ಈ ಒಂದು ಊರಿನ ನಿದರ್ಶನದ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ನಾಗರಿಕ ಸಂಘಟನೆ ಎಂದರೇನು?

ಸರ್ಕಾರದ ಅಂಗವಲ್ಲದ, ಲಾಭವನ್ನೇ ಗುರಿಯಾಗಿಟ್ಟುಕೊಳ್ಳದ, ಜನರು ಸ್ವಇಚ್ಛೆಯಿಂದ ಕಟ್ಟಿಕೊಂಡ ಎಲ್ಲ ಕೂಟಗಳನ್ನೂ ಒಟ್ಟಾಗಿ ನಾಗರಿಕ ಸಂಘಟನೆಗಳು ಎನ್ನಬಹುದು. ಕಾರ್ಮಿಕ ಸಂಘ, ಸ್ವಯಂಸೇವಾ ಸಂಸ್ಥೆ, ಗ್ರಾಮಸ್ಥರ ಹೋರಾಟ ಸಮಿತಿ, ಭಾಷಿಕ ಮತ್ತು ಸಮುದಾಯ ಸಂಘಗಳು, ವೃತ್ತಿನಿರತರ ಮಂಡಳಿ ಎಲ್ಲವೂ ಇದರಲ್ಲಿ ಸೇರುತ್ತವೆ. ಸಂಘ ಕಟ್ಟುವ ಹಕ್ಕನ್ನೂ ದೇಶದ ಯಾವುದೇ ಭಾಗದಲ್ಲಿ ಸಂಚರಿಸುವ ಮತ್ತು ನೆಲೆಸುವ ಹಕ್ಕನ್ನೂ ಸಂವಿಧಾನದ 19ನೇ ಅನುಚ್ಛೇದವು ಒಟ್ಟಿಗೇ ನೀಡಿದೆ. ವಲಸೆಗಾರನಿಗೆ ಈ ಎರಡು ಹಕ್ಕುಗಳೂ ಜೊತೆಯಾಗಿ ಬೇಕು. ಊರು ಬಿಟ್ಟು ಬಂದವನ ಮತದಾನದ ಹಕ್ಕು ಸಾಮಾನ್ಯವಾಗಿ ಹಿಂದಿನ ಊರಿನಲ್ಲಿಯೇ ಉಳಿದಿರುತ್ತದೆ. ಹೊಸ ಊರಿನ ಚುನಾಯಿತ ಪ್ರತಿನಿಧಿಗೆ ಅವನು ಮತದಾರನಲ್ಲ. ಹಳೆಯ ಊರಿನ ಪ್ರತಿನಿಧಿಗೆ ಅವನು ಕಣ್ಣೆದುರಿಗಿಲ್ಲ. ಆದುದರಿಂದ ಅವನ ಪರವಾಗಿ ಮಾತನಾಡುವ ಸಂಘಟನೆಯ ಅಗತ್ಯ ಇತರರಿಗಿಂತ ಹೆಚ್ಚು.

ನಾಗರಿಕರ ಸಲಹೆಯಿಂದ ಮೂಡಿದ ನಗರ

ನವಿ ಮುಂಬಯಿಯ ಕಲ್ಪನೆಯೇ ಮೊದಲು ನಾಗರಿಕರಿಂದ ಬಂದಿತೆಂಬುದು ಗಮನಾರ್ಹ. ಸಮುದ್ರದಿಂದ ಸುತ್ತುವರಿದ ಹಳೆಯ ಮುಂಬಯಿಗೆ ವಲಸೆ ಬರುವವರ ಸಂಖ್ಯೆ ಏರುತ್ತ ಹೋದಂತೆ, ಕಚೇರಿಗಳೆಲ್ಲ ದಕ್ಷಿಣದ ತುದಿಯಲ್ಲಿ ಮತ್ತು ವಸತಿಗಳೆಲ್ಲ ಉತ್ತರದಲ್ಲಿ ಬೆಳೆದು ನಗರವು ಉಸಿರುಗಟ್ಟತೊಡಗಿತ್ತು. 1965ರಲ್ಲಿ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯ ಮತ್ತು ಪ್ರವೀಣಾ ಮೆಹ್ತಾ ಹಾಗೂ ಇಂಜಿನಿಯರ್ ಶಿರೀಷ್ ಪಟೇಲ್ ಅವರು 'ಮಾರ್ಗ್' ಪತ್ರಿಕೆಯಲ್ಲಿ ಒಂದು ಪ್ರಸ್ತಾವವನ್ನು ಪ್ರಕಟಿಸಿದರು. ಕೊಲ್ಲಿಯ ಆಚೆ ದಡದಲ್ಲಿ ಉದ್ಯೋಗ ಮತ್ತು ವಸತಿ ಎರಡನ್ನೂ ಒಳಗೊಂಡ ಹೊಸ ನಗರವನ್ನು ನಿರ್ಮಿಸಬೇಕೆಂಬುದು ಅದರ ಸಾರ. ಮಹಾರಾಷ್ಟ್ರ ಸರ್ಕಾರವು ಈ ವಿಚಾರವನ್ನು ಅಂಗೀಕರಿಸಿತು. 1970ರ ಮಾರ್ಚ್ 17ರಂದು ಸಿಡ್ಕೋ ಎಂದು ಪರಿಚಿತವಾದ ನಗರ ಮತ್ತು ಕೈಗಾರಿಕಾ ಅಭಿವೃದ್ಧಿ ನಿಗಮ ಅಸ್ತಿತ್ವಕ್ಕೆ ಬಂದಿತು. ಸುಮಾರು 344 ಚದರ ಕಿಲೋಮೀಟರ್ ವಿಸ್ತೀರ್ಣದ, 95 ಗ್ರಾಮಗಳನ್ನೊಳಗೊಂಡ ಪ್ರದೇಶವನ್ನು ಹೊಸ ನಗರಕ್ಕಾಗಿ ಗುರುತಿಸಲಾಯಿತು. ಈ ಯೋಜನೆಯಂತೆ ಬೆಳೆದ ವಸತಿ ಘಟಕಗಳಲ್ಲಿ ಕೋಪರಖೈರಣೆಯೂ ಒಂದು.

ಮೂವರು ನಾಗರಿಕರು ಲೇಖನಿಯಿಂದ ಆರಂಭಿಸಿದ ವಿಚಾರವು ಐದು ವರ್ಷಗಳಲ್ಲಿ ಸರ್ಕಾರದ ನೀತಿಯಾಯಿತು. ಆದರೆ ಅವರು ತಜ್ಞರು, ಅವರ ಮಾತಿಗೆ ಕಿವಿಗೊಡುವವರಿದ್ದರು. ನೆಲದ ಮೇಲೆ ಆಗಲೇ ಇದ್ದ ಗ್ರಾಮಸ್ಥರ ಮಾತು ಅಷ್ಟು ಸುಲಭವಾಗಿ ಕೇಳಿಸಲಿಲ್ಲ.

ನೆಲ ಕೊಟ್ಟವರು

ಭತ್ತದ ಗದ್ದೆ, ಉಪ್ಪಿನ ಆಗರ ಮತ್ತು ಖಾಡಿಯ ಮೀನುಗಾರಿಕೆ ಈ ಗ್ರಾಮಸ್ಥರ ಜೀವನಾಧಾರವಾಗಿದ್ದವು. ಭೂಸ್ವಾಧೀನದ ಪರಿಹಾರ ತೀರಾ ಅಲ್ಪವೆಂದೂ, ಹಣ ಕರಗಿದ ಮೇಲೆ ಮುಂದಿನ ಪೀಳಿಗೆಗೆ ಏನೂ ಉಳಿಯದೆಂದೂ ಅವರು ಆಕ್ಷೇಪಿಸಿದರು. ರೈತ ಮುಖಂಡ ದಿ. ಬಾ. ಪಾಟೀಲರ ನಾಯಕತ್ವದಲ್ಲಿ ಆಂದೋಲನ ಬೆಳೆಯಿತು. 1984ರ ಜನವರಿ 16 ಮತ್ತು 17ರಂದು ಉರಣ ತಾಲ್ಲೂಕಿನ ಜಾಸಯಿ ಪರಿಸರದಲ್ಲಿ ನಡೆದ ಪ್ರತಿಭಟನೆಯ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಐವರು ರೈತರು ಪ್ರಾಣ ಕಳೆದುಕೊಂಡರು.

ಈ ಹೋರಾಟದ ಫಲವಾಗಿ, ಸ್ವಾಧೀನಪಡಿಸಿಕೊಂಡ ಭೂಮಿಯ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನದ ರೂಪದಲ್ಲಿ ಮೂಲ ಒಡೆಯರಿಗೆ ಹಿಂತಿರುಗಿಸುವ ಯೋಜನೆಯು 1990ರ ದಶಕದಲ್ಲಿ ಜಾರಿಗೆ ಬಂದಿತು. ಮುಂದೆ ನವಿ ಮುಂಬಯಿ ವಿಮಾನ ನಿಲ್ದಾಣಕ್ಕೆ ಭೂಮಿ ನೀಡಿದವರ ವಿಷಯದಲ್ಲಿ ಈ ಪ್ರಮಾಣವನ್ನು ಶೇ. 22.5ಕ್ಕೆ ಏರಿಸಲಾಯಿತು. ಪರಿಹಾರವೆಂದರೆ ಕೇವಲ ಹಣವಲ್ಲ, ಅಭಿವೃದ್ಧಿಯಲ್ಲಿ ಪಾಲು ಎಂಬ ತತ್ವ ಇಲ್ಲಿ ಸ್ಥಾಪಿತವಾಯಿತು. ಆದರೂ ಇದರಲ್ಲಿ ಒಂದು ಕೊರತೆ ಉಳಿಯಿತು. ಭೂಮಿ ಇದ್ದವರಿಗೆ ನಿವೇಶನ ದೊರೆಯಿತು. ಇತರರ ಆಗರದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಈ ಲೆಕ್ಕದಲ್ಲಿ ಸ್ಥಾನವಿರಲಿಲ್ಲ. ದೇಶದ ನಾನಾ ಕಡೆ ನಡೆದ ಇಂತಹ ಆಂದೋಲನಗಳ ಒತ್ತಾಯದಿಂದ, 1894ರ ಭೂಸ್ವಾಧೀನ ಕಾನೂನಿಗೆ ಬದಲಾಗಿ 2013ರಲ್ಲಿ ಹೊಸ ಕಾನೂನನ್ನು ಸಂಸತ್ತು ಅಂಗೀಕರಿಸಿತು. ಭೂಮಿ ಇಲ್ಲದಿದ್ದರೂ ಆ ಭೂಮಿಯನ್ನೇ ನಂಬಿ ಬದುಕುತ್ತಿದ್ದ ಕುಟುಂಬವನ್ನು ಸಹ ಬಾಧಿತ ಕುಟುಂಬವೆಂದು ಆ ಕಾನೂನು ಪರಿಗಣಿಸುತ್ತದೆ.

ಹೊರೆ ಹೊತ್ತವರು ಪಡೆದ ಕಾನೂನು

ಕೋಪರಖೈರಣೆಯ ಎರಡನೆಯ ಸಮೂಹದ ಕಥೆ ಹಳೆಯ ಮುಂಬಯಿಯಲ್ಲಿ ಆರಂಭವಾಗುತ್ತದೆ. ಮರಾಠಿಯಲ್ಲಿ 'ಮಾಥಾ' ಎಂದರೆ ತಲೆ. ತಲೆಯ ಮೇಲೆ ಹೊರೆ ಹೊರುವವನು ಮಾಥಾಡಿ. ನಮ್ಮ ಹುಬ್ಬಳ್ಳಿಯ ಮಾರುಕಟ್ಟೆಯ ಹಮಾಲನಂತೆಯೇ ಇವನೂ. ಬೆಳಿಗ್ಗೆ ಒಬ್ಬ ವ್ಯಾಪಾರಿಯ ಮೂಟೆ, ಮಧ್ಯಾಹ್ನ ಇನ್ನೊಬ್ಬನ ಮೂಟೆ. ಬೆನ್ನು ಬಿದ್ದುಹೋದರೆ ಕೇಳುವವರಿಲ್ಲ. 'ನಿನ್ನ ಮಾಲೀಕ ಯಾರು?' ಎಂಬ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. ಕಾರ್ಮಿಕ ಕಾನೂನುಗಳೆಲ್ಲವೂ ಒಬ್ಬ ಮಾಲೀಕ ಮತ್ತು ಒಬ್ಬ ಕೆಲಸಗಾರನ ನಡುವಿನ ಸಂಬಂಧವನ್ನು ಆಧರಿಸಿದ್ದುದರಿಂದ ಅವು ಇವನನ್ನು ಮುಟ್ಟುತ್ತಿರಲಿಲ್ಲ.

ಸ್ವತಃ ಮಾಥಾಡಿಯಾಗಿ ದುಡಿದ, ಸಾತಾರಾ ಜಿಲ್ಲೆಯಿಂದ ಬಂದ ಅಣ್ಣಾಸಾಹೇಬ ಪಾಟೀಲರು 1960ರ ದಶಕದಲ್ಲಿ ಈ ಕಾರ್ಮಿಕರನ್ನು ಒಗ್ಗೂಡಿಸಿದರು. ಸಂಘವು ಕೇವಲ ಕೂಲಿಯ ಏರಿಕೆಯನ್ನು ಕೇಳಿ ಸುಮ್ಮನಾಗಲಿಲ್ಲ; ಕಾನೂನನ್ನೇ ಕೇಳಿತು. ಇದರ ಪರಿಣಾಮವಾಗಿ ಮಹಾರಾಷ್ಟ್ರ ವಿಧಾನಮಂಡಲವು 1969ರಲ್ಲಿ 'ಮಹಾರಾಷ್ಟ್ರ ಮಾಥಾಡಿ, ಹಮಾಲ ಮತ್ತು ಇತರ ದೈಹಿಕ ಶ್ರಮಿಕರ ಕಾನೂನ'ನ್ನು ರಚಿಸಿತು. ಅದರ ಕಾರ್ಯವಿಧಾನ ಸರಳವಾದುದು. ಮಾಲೀಕರು, ಕಾರ್ಮಿಕರು ಮತ್ತು ಸರ್ಕಾರ ಈ ಮೂರೂ ಪಕ್ಷಗಳ ಪ್ರತಿನಿಧಿಗಳಿರುವ ಮಂಡಳಿಯನ್ನು ರಚಿಸಲಾಗುತ್ತದೆ. ಕಾರ್ಮಿಕನೂ ವ್ಯಾಪಾರಿಯೂ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ವ್ಯಾಪಾರಿಯು ಕೂಲಿಯ ಹಣವನ್ನು, ಅದರ ಮೇಲೆ ನಿಗದಿಯಾದ ಲೆವಿಯನ್ನು ಸೇರಿಸಿ ಮಂಡಳಿಗೆ ಪಾವತಿ ಮಾಡಬೇಕು. ಮಂಡಳಿಯು ಕಾರ್ಮಿಕನಿಗೆ ಕೂಲಿಯನ್ನು ನೀಡಿ, ಲೆವಿಯ ಹಣದಿಂದ ಭವಿಷ್ಯನಿಧಿ, ಉಪದಾನ, ಬೋನಸ್, ರಜೆಯ ವೇತನ ಮತ್ತು ವೈದ್ಯಕೀಯ ನೆರವನ್ನು ಒದಗಿಸುತ್ತದೆ. ಹೀಗೆ ಮಾಲೀಕರು ದಿನಕ್ಕೆ ಹತ್ತು ಮಂದಿ ಬದಲಾದರೂ ಕಾರ್ಮಿಕನ ಹೆಸರು ಒಂದೇ ಕಡೆ ಸ್ಥಿರವಾಗಿ ಇರುತ್ತದೆ.

ಮುಂಬಯಿಯ ಸಗಟು ಮಾರುಕಟ್ಟೆಗಳು 1980 ಮತ್ತು 1990ರ ದಶಕಗಳಲ್ಲಿ ಹಂತಹಂತವಾಗಿ ವಾಶಿಗೆ ಸ್ಥಳಾಂತರಗೊಂಡವು. ಮಾರುಕಟ್ಟೆಯ ಹಿಂದೆ ಕಾರ್ಮಿಕರೂ ಬರಬೇಕಾಯಿತು. ಕೋಪರಖೈರಣೆಯಲ್ಲಿ ಮಾಥಾಡಿಗಳಿಗಾಗಿ ಮನೆಗಳು ನಿರ್ಮಾಣಗೊಂಡವು. ಅವರದೇ ಆಸ್ಪತ್ರೆಯೂ ಅಲ್ಲಿದೆ. ಸಂಘಟನೆ ಇಲ್ಲದಿದ್ದಲ್ಲಿ ಈ ಸ್ಥಳಾಂತರವು ಅವರ ಪಾಲಿಗೆ ಇನ್ನೊಂದು ಬೀದಿಪಾಲಾಗುವಿಕೆಯಾಗುತ್ತಿತ್ತು. ನೋಂದಣಿ ಇದ್ದುದರಿಂದ ಎಷ್ಟು ಜನ, ಯಾರು, ಎಲ್ಲಿ ಕೆಲಸ ಮಾಡುವವರು ಎಂಬುದು ಮೊದಲೇ ತಿಳಿದಿತ್ತು.

ಗುಳೆ ಬಂದವರ ಕಾನೂನು

ಇನ್ನು ಮೂರನೆಯ ಸಮೂಹ. ಕರ್ನಾಟಕದ ಬಯಲುಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ, ಸುಗ್ಗಿ ಮುಗಿದ ತಿಂಗಳುಗಳಲ್ಲಿ, ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಹೊರಡುವುದನ್ನು 'ಗುಳೆ' ಎನ್ನುತ್ತಾರೆ. ಮುಕ್ಕಾದಮ ಎಂಬ ಮಧ್ಯವರ್ತಿ ಕೊಡುವ ಮುಂಗಡವೇ ಹಲವರಿಗೆ ಪ್ರಯಾಣದ ಆರಂಭ. ಇತರರು ತಾವಾಗಿಯೇ ರೈಲು ಹತ್ತಿ ಬಂದು, ಬೆಳಿಗ್ಗೆ 'ನಾಕಾ' ಎನ್ನುವ ಕೂಡುರಸ್ತೆಗಳಲ್ಲಿ ನಿಂತು ದಿನಗೂಲಿಯನ್ನು ಕಾಯುತ್ತಾರೆ. ಹತ್ತು ಗಂಟೆಯ ತನಕ ಯಾರೂ ಕರೆಯದಿದ್ದರೆ ಆ ದಿನ ಗಳಿಕೆ ಇಲ್ಲ.

ಇಂತಹವರಿಗಾಗಿ ಕಾನೂನು ಇರಲಿಲ್ಲವೆಂದಲ್ಲ. ಒರಿಸ್ಸಾದಿಂದ 'ದಾದನ್' ಪದ್ಧತಿಯಲ್ಲಿ ಗುತ್ತಿಗೆದಾರರು ಕರೆದೊಯ್ಯುತ್ತಿದ್ದ ಕಾರ್ಮಿಕರ ಶೋಷಣೆ ಬೆಳಕಿಗೆ ಬಂದ ಮೇಲೆ 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾನೂನನ್ನು ರಚಿಸಲಾಯಿತು. ಆದರೆ ಅದು ಗುತ್ತಿಗೆದಾರನ ಮೂಲಕ ಬಂದವರಿಗೆ ಮಾತ್ರ ಅನ್ವಯಿಸುತ್ತಿತ್ತು. ತಾನಾಗಿ ಬಂದು ನಾಕಾದಲ್ಲಿ ನಿಂತವನು ಅದರ ದೃಷ್ಟಿಯಲ್ಲಿ ವಲಸೆ ಕಾರ್ಮಿಕನೇ ಅಲ್ಲ.

ಇದ್ದ ಕಾನೂನನ್ನು ಆಚರಣೆಗೆ ತರಿಸುವಲ್ಲಿ ನಾಗರಿಕ ಸಂಘಟನೆಗಳು ವಹಿಸಿದ ಪಾತ್ರಕ್ಕೆ 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಪ್ರಕರಣವು ಪ್ರಸಿದ್ಧ ನಿದರ್ಶನ. ಕ್ರೀಡಾಂಗಣಗಳ ನಿರ್ಮಾಣದಲ್ಲಿ ತೊಡಗಿದ್ದ ಕಾರ್ಮಿಕರ ಸ್ಥಿತಿಯನ್ನು ಪರಿಶೀಲಿಸಿದ ಸಮಾಜವಿಜ್ಞಾನಿಗಳ ವರದಿಯನ್ನು ಆಧರಿಸಿ 'ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್' ಸಂಸ್ಥೆಯು ಸರ್ವೋಚ್ಚ ನ್ಯಾಯಾಲಯಕ್ಕೆ ಪತ್ರ ಬರೆಯಿತು. ನ್ಯಾಯಾಲಯವು ಆ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿ ಕೊಟ್ಟು ದುಡಿಸುವುದು ಸಂವಿಧಾನದ 23ನೇ ಅನುಚ್ಛೇದವು ನಿಷೇಧಿಸಿದ ಬಲವಂತದ ದುಡಿಮೆಗೆ ಸಮಾನವೆಂದು ಅದು ತೀರ್ಪು ನೀಡಿತು.

ಕಟ್ಟಡ ಕಾರ್ಮಿಕರ ಮಕ್ಕಳ ಪ್ರಶ್ನೆಯನ್ನು ಮುನ್ನೆಲೆಗೆ ತಂದವರೂ ಸ್ವಯಂಸೇವಕರೇ. 1969ರಲ್ಲಿ ದೆಹಲಿಯ ಒಂದು ನಿರ್ಮಾಣ ಸ್ಥಳದಲ್ಲಿ ತಾಯಂದಿರು ಕಲ್ಲುಮಣ್ಣು ಹೊರುತ್ತಿದ್ದಾಗ ಧೂಳಿನಲ್ಲಿ ಮಲಗಿದ್ದ ಹಸುಗೂಸುಗಳನ್ನು ಕಂಡು ಮೀರಾ ಮಹಾದೇವನ್ ಅವರು ಡೇರೆಯೊಂದರಲ್ಲಿ ಶಿಶುವಿಹಾರವನ್ನು ಆರಂಭಿಸಿದರು. 'ಮೊಬೈಲ್ ಕ್ರೆಶಸ್' ಎಂಬ ಈ ಸಂಸ್ಥೆಯ ಕಾರ್ಯವು 1972ರಲ್ಲಿ ಮುಂಬಯಿಗೂ ವಿಸ್ತರಿಸಿತು. ಕಟ್ಟಡ ಮುಗಿದಾಗ ಶಿಶುವಿಹಾರವೂ ಕುಟುಂಬಗಳೊಡನೆ ಮುಂದಿನ ಸ್ಥಳಕ್ಕೆ ಹೋಗುವುದು ಇದರ ವೈಶಿಷ್ಟ್ಯ.

1980ರ ದಶಕದ ಮಧ್ಯಭಾಗದಲ್ಲಿ ದೇಶದ ಹಲವು ಕಾರ್ಮಿಕ ಸಂಘಗಳು ಮತ್ತು ಸ್ವಯಂಸೇವಾ ಸಂಸ್ಥೆಗಳು ಸೇರಿ, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಅಧ್ಯಕ್ಷತೆಯಲ್ಲಿ ಕಟ್ಟಡ ಕಾರ್ಮಿಕರ ಕೇಂದ್ರ ಕಾನೂನಿಗಾಗಿ ರಾಷ್ಟ್ರೀಯ ಅಭಿಯಾನ ಸಮಿತಿಯನ್ನು ರಚಿಸಿಕೊಂಡವು. ಸಮಿತಿಯು ತಾನೇ ಕರಡು ಮಸೂದೆಯನ್ನು ಸಿದ್ಧಪಡಿಸಿ ಸಂಸತ್ತಿಗೆ ಮನವಿ ಸಲ್ಲಿಸಿತು. ಸುಮಾರು ಹತ್ತು ವರ್ಷಗಳ ಪ್ರಯತ್ನದ ನಂತರ 1996ರಲ್ಲಿ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾನೂನು ಹಾಗೂ ಸೆಸ್ ಕಾನೂನು ಬಂದವು. ಅವುಗಳ ಪ್ರಕಾರ ನಿರ್ಮಾಣ ವೆಚ್ಚದ ಶೇ. 1ರಷ್ಟನ್ನು ಸೆಸ್ ರೂಪದಲ್ಲಿ ಸಂಗ್ರಹಿಸಿ, ಕಾರ್ಮಿಕ ಕಲ್ಯಾಣ ಮಂಡಳಿಯ ಮೂಲಕ ನೋಂದಾಯಿತ ಕಾರ್ಮಿಕರಿಗೆ ವೆಚ್ಚ ಮಾಡಬೇಕು. ಅಭಿಯಾನ ಕೇಳಿದುದು ಮಾಥಾಡಿ ಮಂಡಳಿಯಂತೆ ಉದ್ಯೋಗವನ್ನೂ ಕೂಲಿಯನ್ನೂ ನಿಯಂತ್ರಿಸುವ ತ್ರಿಪಕ್ಷೀಯ ವ್ಯವಸ್ಥೆಯನ್ನು. ದೊರೆತುದು ಕಲ್ಯಾಣ ನಿಧಿ. ಅರ್ಧ ದಾರಿ ಸಾಗಿದ ಈ ಕಾನೂನು ಸಹ ಕಾರ್ಮಿಕನ ಬಳಿಗೆ ಬೇಗ ತಲುಪಲಿಲ್ಲ. ಕರ್ನಾಟಕದ ನಿಯಮಗಳು 2006ರಲ್ಲಿ, ಮಹಾರಾಷ್ಟ್ರದ ನಿಯಮಗಳು 2007ರಲ್ಲಿ ಬಂದವು. ಅದೇ ಅಭಿಯಾನ ಸಮಿತಿ 2006ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆ ಹೋಯಿತು. 2018ರ ಮಾರ್ಚ್ 19ರ ತೀರ್ಪಿನಲ್ಲಿ ನ್ಯಾಯಾಲಯವು ಗುರುತಿಸಿದಂತೆ, ಅಲ್ಲಿಯವರೆಗೆ ದೇಶದಾದ್ಯಂತ 37,400 ಕೋಟಿ ರೂಪಾಯಿಗೂ ಅಧಿಕ ಸೆಸ್ ಸಂಗ್ರಹವಾಗಿದ್ದರೂ ವೆಚ್ಚವಾದುದು ಸುಮಾರು 9,500 ಕೋಟಿ ರೂಪಾಯಿ ಮಾತ್ರ. ಹಣವಿತ್ತು, ಪಡೆಯಬೇಕಾದವರ ಹೆಸರುಗಳು ಪಟ್ಟಿಯಲ್ಲಿರಲಿಲ್ಲ.

2020ರ ಪಾಠ

ಹೆಸರುಗಳು ಪಟ್ಟಿಯಲ್ಲಿಲ್ಲದಿದ್ದರೆ ಏನಾಗುತ್ತದೆಂಬುದು 2020ರಲ್ಲಿ ಇಡೀ ದೇಶಕ್ಕೆ ಮನದಟ್ಟಾಯಿತು. ಕೋವಿಡ್ ಸಾಂಕ್ರಾಮಿಕದ ಕಾರಣ ಆ ವರ್ಷದ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದಾಗ ನಗರಗಳ ದಿನಗೂಲಿ ನಿಂತುಹೋಯಿತು. ಕೆಲಸವೂ ಬಾಡಿಗೆಯೂ ಇಲ್ಲದೆ ಲಕ್ಷಾಂತರ ಜನರು ಕಾಲ್ನಡಿಗೆಯಲ್ಲಿ ಊರಿನ ದಾರಿ ಹಿಡಿದರು. ಮೇ 8ರಂದು ಮಹಾರಾಷ್ಟ್ರದ ಔರಂಗಾಬಾದ್ ಬಳಿ ರೈಲು ಹಳಿಗಳ ಮೇಲೆ ದಣಿದು ಮಲಗಿದ್ದ 16 ಮಂದಿ ಕಾರ್ಮಿಕರು ಸರಕು ರೈಲಿನಡಿ ಸಿಕ್ಕಿ ಸಾವಿಗೀಡಾದರು. ಮೇ 1ರಿಂದ ಆರಂಭವಾದ ಶ್ರಮಿಕ ವಿಶೇಷ ರೈಲುಗಳಲ್ಲಿ 63 ಲಕ್ಷಕ್ಕೂ ಹೆಚ್ಚು ಜನರು ಊರಿಗೆ ಮರಳಿದರು.

ಆ ದಿನಗಳಲ್ಲಿ ಸ್ವಯಂಸೇವಾ ಸಂಸ್ಥೆಗಳು ಎರಡು ಬಗೆಯ ಕೆಲಸವನ್ನು ಮಾಡಿದವು. ಅನ್ನ, ಔಷಧಿ, ಪ್ರಯಾಣದ ವ್ಯವಸ್ಥೆ ಎಲ್ಲರ ಕಣ್ಣಿಗೆ ಬಿದ್ದ ಕೆಲಸ. ಎರಡನೆಯದು ದಾಖಲೆಯ ಕೆಲಸ. 'ಸ್ವಾನ್' ಎಂಬ ಸ್ವಯಂಸೇವಕರ ಜಾಲವು ಸಂಕಷ್ಟಕ್ಕೆ ಸಿಕ್ಕಿದ ಕಾರ್ಮಿಕರ ದೂರವಾಣಿ ಕರೆಗಳನ್ನು ಸ್ವೀಕರಿಸಿ, ಅವರ ಬಳಿ ಎಷ್ಟು ದಿನದ ಪಡಿತರವಿದೆ, ಕೂಲಿ ದೊರೆತಿದೆಯೇ ಎಂಬ ವಿವರಗಳನ್ನು ಸಂಗ್ರಹಿಸಿ ವರದಿಗಳನ್ನು ಪ್ರಕಟಿಸಿತು. ಸರ್ಕಾರಿ ಅಂಕಿಅಂಶಗಳು ಇಲ್ಲದ ಕಡೆ ಈ ವರದಿಗಳು ನೆರವಾದವು. ಸರ್ವೋಚ್ಚ ನ್ಯಾಯಾಲಯವು ಈ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡು 2020ರ ಮೇ 28ರಂದು, ಕಾರ್ಮಿಕರಿಂದ ಪ್ರಯಾಣ ದರವನ್ನು ಪಡೆಯಕೂಡದೆಂದು ಆದೇಶಿಸಿತು. ನಾಗರಿಕ ಹಕ್ಕುಗಳ ಕಾರ್ಯಕರ್ತರು ಪಕ್ಷಗಾರರಾಗಿ ಮುಂದುವರಿಸಿದ ಈ ಪ್ರಕರಣದಲ್ಲಿ 2021ರ ಜೂನ್ 29ರಂದು ವಿಸ್ತೃತ ತೀರ್ಪು ಬಂದಿತು. ಅಸಂಘಟಿತ ಕಾರ್ಮಿಕರ ರಾಷ್ಟ್ರೀಯ ದತ್ತಾಂಶವನ್ನು ಸಿದ್ಧಪಡಿಸುವುದು ಹಾಗೂ ಎಲ್ಲ ರಾಜ್ಯಗಳಲ್ಲಿ 'ಒಂದು ದೇಶ ಒಂದು ಪಡಿತರ ಚೀಟಿ' ಯೋಜನೆಯನ್ನು ಜಾರಿಗೊಳಿಸುವುದು ಅದರ ಮುಖ್ಯ ನಿರ್ದೇಶನಗಳಾಗಿದ್ದವು.

ಅದೇ ವರ್ಷದ ಆಗಸ್ಟ್ 26ರಂದು ಕೇಂದ್ರ ಸರ್ಕಾರವು 'ಇ-ಶ್ರಮ್' ನೋಂದಣಿಯನ್ನು ಆರಂಭಿಸಿತು. ಇದುವರೆಗೆ 30 ಕೋಟಿಗೂ ಹೆಚ್ಚು ಅಸಂಘಟಿತ ಕಾರ್ಮಿಕರು ಅದರಲ್ಲಿ ಹೆಸರು ದಾಖಲಿಸಿದ್ದಾರೆ. 2019ರ ಆಗಸ್ಟ್‌ನಲ್ಲಿ ನಾಲ್ಕು ರಾಜ್ಯಗಳಲ್ಲಿ ಪ್ರಾರಂಭಗೊಂಡ ಪಡಿತರ ಚೀಟಿಯ ಯೋಜನೆಯು 2022ರ ಜೂನ್ ವೇಳೆಗೆ ಎಲ್ಲ ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳನ್ನು ವ್ಯಾಪಿಸಿತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1979 ಮತ್ತು 1996ರ ಕಾನೂನುಗಳು ಅವುಗಳಲ್ಲಿ ವಿಲೀನಗೊಂಡವು. ಗುತ್ತಿಗೆದಾರನ ಮೂಲಕವಲ್ಲದೆ ತಾನಾಗಿಯೇ ಬೇರೆ ರಾಜ್ಯಕ್ಕೆ ಬಂದು ಕೆಲಸಕ್ಕೆ ಸೇರಿದವನನ್ನೂ, ಮಾಸಿಕ 18,000 ರೂಪಾಯಿಗಳ ವೇತನ ಮಿತಿಗೆ ಒಳಪಟ್ಟು, ಅಂತರರಾಜ್ಯ ವಲಸೆ ಕಾರ್ಮಿಕನೆಂದು ಹೊಸ ಸಂಹಿತೆ ಗುರುತಿಸುತ್ತದೆ. ನಾಲ್ಕು ದಶಕಗಳ ಹಿಂದಿನ ಲೋಪವೊಂದು ಹೀಗೆ ತಿದ್ದಲ್ಪಟ್ಟಿತು. ಆದರೆ ಈ ಭಾಗವು ಹತ್ತು ಅಥವಾ ಹೆಚ್ಚು ವಲಸೆ ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ನಾಕಾದಿಂದ ಇಬ್ಬರನ್ನು ಕರೆದೊಯ್ಯುವ ಮೇಸ್ತ್ರಿಯ ಕೈಕೆಳಗಿನ ಕೆಲಸಗಾರನಿಗೆ ಮಂಡಳಿಯ ನೋಂದಣಿಯೇ ಇಂದಿಗೂ ಮುಖ್ಯ ಆಸರೆ.

ಕನ್ನಡ ಸಂಘಗಳ ಪರಂಪರೆ

ಮುಂಬಯಿಯ ಕನ್ನಡಿಗರಿಗೆ ಸಂಘಟನೆ ಹೊಸದಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಬಂಟರ ಸಂಘ 1927ರಲ್ಲಿ ಸ್ಥಾಪಿತವಾದವು. ಹಗಲು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಕರಾವಳಿಯ ಹುಡುಗರಿಗಾಗಿ ಕನ್ನಡದ ರಾತ್ರಿ ಶಾಲೆಗಳು ನಡೆದವು. ಆ ಶಾಲೆಗಳಲ್ಲಿ ಓದಿದವರು ಮುಂದೆ ಕಚೇರಿ, ಬ್ಯಾಂಕು, ವ್ಯಾಪಾರಗಳನ್ನು ಸೇರಿದರು. ವಲಸೆಗಾರರು ತಮ್ಮ ಶಕ್ತಿಯಿಂದಲೇ ವಿದ್ಯೆಯ ವ್ಯವಸ್ಥೆ ಮಾಡಿಕೊಂಡ ಈ ಪ್ರಯತ್ನವು ಯಾವ ಸರ್ಕಾರಿ ಯೋಜನೆಗೂ ಕಡಿಮೆಯಾದುದಲ್ಲ.

ಆದರೆ ಬಯಲುಸೀಮೆಯಿಂದ ಗುಳೆ ಬರುವ ಕುಟುಂಬಗಳಿಗೆ ಇಂತಹ ಸಂಘದ ನೆರಳು ಕಡಿಮೆ. ಅವರು ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಇಲ್ಲಿರುತ್ತಾರೆ, ಕೆಲಸದ ಸ್ಥಳ ಬದಲಾದಂತೆ ವಾಸವೂ ಬದಲಾಗುತ್ತದೆ. ಇವರಿಗೆ ಬೇಕಾದುದು ಸಾಂಸ್ಕೃತಿಕ ಕಾರ್ಯಕ್ರಮಕ್ಕಿಂತ ಮೊದಲು ಅರ್ಜಿ ತುಂಬಿಸುವ ನೆರವು, ಮರಾಠಿಯಲ್ಲಿರುವ ನಮೂನೆಯನ್ನು ಕನ್ನಡದಲ್ಲಿ ಓದಿಹೇಳುವ ಒಬ್ಬರು. 1984ರಲ್ಲಿ ಮುಂಬಯಿಯಲ್ಲಿ ಆರಂಭಗೊಂಡು ನವಿ ಮುಂಬಯಿಯ ಖಾರಘರದಲ್ಲಿ ಕೇಂದ್ರವನ್ನು ಹೊಂದಿರುವ 'ಯುವಾ'ದಂತಹ ಸಂಸ್ಥೆಗಳು ನಾಕಾ ಕಾರ್ಮಿಕರ ನಡುವೆ ಕಾರ್ಯನಿರತವಾಗಿವೆ. ನೆಲೆಯೂರಿದ ಕನ್ನಡ ಸಂಘಗಳೂ ಈ ಕೆಲಸಕ್ಕೆ ಕೈಜೋಡಿಸಿದಲ್ಲಿ ಭಾಷೆಯ ಅಡ್ಡಿ ಬಹುಮಟ್ಟಿಗೆ ನಿವಾರಣೆಯಾಗುವುದು.

ಅಂತರರಾಷ್ಟ್ರೀಯ ವೇದಿಕೆಗಳಲ್ಲಿ

ದೇಶದ ಗಡಿ ದಾಟುವ ವಲಸೆಯ ವಿಷಯದಲ್ಲಿಯೂ ಇದೇ ಬಗೆಯ ಬೆಳವಣಿಗೆಯನ್ನು ಕಾಣಬಹುದು. ವಲಸೆ ಕಾರ್ಮಿಕರು ಮತ್ತು ಅವರ ಕುಟುಂಬದವರ ಹಕ್ಕುಗಳ ಒಡಂಬಡಿಕೆಯನ್ನು ವಿಶ್ವಸಂಸ್ಥೆ 1990ರ ಡಿಸೆಂಬರ್ 18ರಂದು ಅಂಗೀಕರಿಸಿತು. ಆ ದಿನವನ್ನು ವಲಸೆಗಾರರ ದಿನವಾಗಿ 1997ರಿಂದ ಆಚರಿಸತೊಡಗಿದವರು ಫಿಲಿಪೈನ್ಸ್ ಹಾಗೂ ಏಷ್ಯದ ಇತರ ವಲಸೆಗಾರರ ಸಂಘಟನೆಗಳವರು. ವಿಶ್ವಸಂಸ್ಥೆಯು ಅದಕ್ಕೆ ಅಧಿಕೃತ ಮನ್ನಣೆ ನೀಡಿದುದು 2000ದಲ್ಲಿ. 2007ರಲ್ಲಿ ಬ್ರಸೆಲ್ಸ್‌ನಲ್ಲಿ ಮೊದಲ ಬಾರಿಗೆ ಸಮಾವೇಶಗೊಂಡ ವಲಸೆ ಮತ್ತು ಅಭಿವೃದ್ಧಿಯ ಜಾಗತಿಕ ವೇದಿಕೆಯಲ್ಲಿ ಸರ್ಕಾರಗಳ ಸಭೆಯ ಜೊತೆಗೆ ನಾಗರಿಕ ಸಂಘಟನೆಗಳಿಗೂ ಪ್ರತ್ಯೇಕ ದಿನವನ್ನು ಮೀಸಲಿಡಲಾಗಿತ್ತು. 2018ರ ಡಿಸೆಂಬರ್‌ನಲ್ಲಿ ಮೊರಾಕ್ಕೊದ ಮರಾಕೇಶ್‌ನಲ್ಲಿ ಅಂಗೀಕೃತವಾದ ಜಾಗತಿಕ ವಲಸೆ ಒಪ್ಪಂದದ 23 ಉದ್ದೇಶಗಳಲ್ಲಿ ಮೊದಲನೆಯದು ನಿಖರವಾದ ಅಂಕಿಅಂಶಗಳ ಸಂಗ್ರಹಣೆಗೆ ಸಂಬಂಧಿಸಿದುದು. ಜಗತ್ತಿನ ವೇದಿಕೆಯಲ್ಲಿಯೂ ಮೊದಲ ಪ್ರಶ್ನೆ ಎಣಿಕೆಯದೇ.

ಕೆಲವು ಎಚ್ಚರಿಕೆಗಳು

ನಾಗರಿಕ ಸಂಘಟನೆಗಳು ದೋಷಮುಕ್ತವೆಂದು ಭಾವಿಸಬೇಕಾಗಿಲ್ಲ. ಒಮ್ಮೆ ರಕ್ಷಣೆ ಪಡೆದ ಗುಂಪು ಹೊಸಬರಿಗೆ ಬಾಗಿಲು ಮುಚ್ಚುವುದುಂಟು. ಮಾಥಾಡಿಗಳ ಹೆಸರು ಹೇಳಿ ಉದ್ಯಮಿಗಳಿಂದ ಹಣ ಕೀಳುವ ನಕಲಿ ಸಂಘಟನೆಗಳ ಬಗೆಗೆ ದೂರುಗಳು ಬಂದ ಕಾರಣ ಮಹಾರಾಷ್ಟ್ರ ಸರ್ಕಾರವು 2023ರಲ್ಲಿ ತಿದ್ದುಪಡಿ ಮಸೂದೆಯನ್ನು ಮಂಡಿಸಿತು. ಮೂಲ ಕಾನೂನಿನ ಹಿತಕ್ಕೆ ಇದರಿಂದ ಧಕ್ಕೆಯಾಗಬಹುದೆಂದು ಕಾರ್ಮಿಕ ಸಂಘಗಳು ವಿರೋಧ ವ್ಯಕ್ತಪಡಿಸಿದವು. ಸ್ವಯಂಸೇವಾ ಸಂಸ್ಥೆಗಳು ವಲಸೆಗಾರರ ಪರವಾಗಿ ಮಾತನಾಡುವಾಗ ವಲಸೆಗಾರರೇ ಮಾತನಾಡಲು ಅವಕಾಶ ಉಳಿಯಬೇಕು. ಸಂಘಟನೆಯು ಸರ್ಕಾರಕ್ಕೆ ಬದಲಿಯೂ ಅಲ್ಲ. ಸಾವಿರ ಜನರಿಗೆ ಊಟ ಹಾಕಬಹುದು, ಕೋಟಿ ಜನರಿಗೆ ಪಡಿತರ ಕೊಡುವುದು ಸರ್ಕಾರದಿಂದ ಮಾತ್ರ ಸಾಧ್ಯ.

ಇಷ್ಟಾದರೂ ಮಾಥಾಡಿ ಕಾನೂನಿನ ಮೂಲತತ್ವ ಇಂದಿಗೂ ಫಲ ಕೊಡುತ್ತಿದೆ. ಮೊಬೈಲ್ ಫೋನಿನ ಮೂಲಕ ಆಹಾರ, ಸರಕು ತಲುಪಿಸುವ ಯುವಕನಿಗೂ 'ನಿನ್ನ ಮಾಲೀಕ ಯಾರು?' ಎಂಬ ಅದೇ ಪ್ರಶ್ನೆ ಎದುರಾಗಿದೆ. ರಾಜಸ್ಥಾನ 2023ರಲ್ಲಿ, ಕರ್ನಾಟಕ 2025ರಲ್ಲಿ ಇಂತಹ ಗಿಗ್ ಕಾರ್ಮಿಕರಿಗಾಗಿ ಕಾನೂನು ರಚಿಸಿದವು. ಕರ್ನಾಟಕದ ಕಾನೂನಿನಲ್ಲಿ ಪ್ರತಿ ವಹಿವಾಟಿನ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಿ ಮಂಡಳಿಯ ನಿಧಿಗೆ ಸೇರಿಸಲು ಅವಕಾಶವಿದೆ. ನೋಂದಣಿ, ಶುಲ್ಕ, ಮಂಡಳಿ ಎಂಬ ಈ ಮೂರು ಅಂಗಗಳು ಮುಂಬಯಿಯ ಹಮಾಲರು 1969ರಲ್ಲಿಯೇ ಪಡೆದುಕೊಂಡವು.

ಕಾರ್ಮಿಕರು ತಿಳಿದಿರಬೇಕಾದ ಅಂಶಗಳು

ಗುಳೆ ಹೋಗುವವರು ಮತ್ತು ಅವರಿಗೆ ನೆರವಾಗಬಯಸುವವರು ಈ ಕೆಳಗಿನ ಸಂಗತಿಗಳನ್ನು ಗಮನದಲ್ಲಿಡುವುದು ಒಳ್ಳೆಯದು.

ಒಂದು: 16ರಿಂದ 59 ವರ್ಷದೊಳಗಿನ ಅಸಂಘಟಿತ ಕಾರ್ಮಿಕರು ಇ-ಶ್ರಮ್‌ನಲ್ಲಿ ತಾವಾಗಿಯೇ ಉಚಿತವಾಗಿ ಹೆಸರು ನೋಂದಾಯಿಸಬಹುದು. ಆಧಾರ್ ಸಂಖ್ಯೆ ಮತ್ತು ಬ್ಯಾಂಕ್ ಖಾತೆಯ ವಿವರ ಇದಕ್ಕೆ ಅಗತ್ಯ. ಸಹಾಯವಾಣಿ ಸಂಖ್ಯೆ 14434.

ಎರಡು: ರಾಷ್ಟ್ರೀಯ ಆಹಾರ ಭದ್ರತಾ ಕಾನೂನಿನ ಅಡಿಯ ಪಡಿತರ ಚೀಟಿ ಕರ್ನಾಟಕದ್ದಾದರೂ ಅದೇ ಚೀಟಿಯ ಮೇಲೆ ಮಹಾರಾಷ್ಟ್ರದ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು. ಕುಟುಂಬದ ಒಂದು ಭಾಗ ಇಲ್ಲಿ, ಉಳಿದವರು ಊರಿನಲ್ಲಿ ಪಾಲು ಪಡೆಯಲು ಸಹ ಅವಕಾಶವಿದೆ.

ಮೂರು: 18ರಿಂದ 60 ವರ್ಷ ವಯಸ್ಸಿನ, ಹಿಂದಿನ ಹನ್ನೆರಡು ತಿಂಗಳುಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ಅರ್ಹರು. ಕೆಲಸ ಮಾಡಿದ ದಿನಗಳ ಪ್ರಮಾಣಪತ್ರವನ್ನು ಆಯಾ ಕೆಲಸ ಮುಗಿದಾಗಲೇ ಪಡೆದಿಟ್ಟುಕೊಳ್ಳಬೇಕು.

ನಾಲ್ಕು: ಕೂಲಿ ತಡೆಹಿಡಿದಲ್ಲಿ, ಅಪಘಾತಕ್ಕೆ ಪರಿಹಾರ ನಿರಾಕರಿಸಿದಲ್ಲಿ ಉಚಿತ ಕಾನೂನು ನೆರವಿಗೆ 15100 ಸಂಖ್ಯೆಗೆ ಕರೆ ಮಾಡಬಹುದು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಹುಟ್ಟೂರು ಅಥವಾ ಹಿಂದಿನ ವಾಸಸ್ಥಳವನ್ನು ಬಿಟ್ಟು ಬಂದವರು ಸುಮಾರು 45 ಕೋಟಿ. ಇವರಲ್ಲಿ ಬಹುಪಾಲು ತಮ್ಮ ರಾಜ್ಯದೊಳಗೇ ಸ್ಥಳ ಬದಲಿಸಿದವರು, ವಿವಾಹದ ಕಾರಣದಿಂದ ಊರು ಬಿಟ್ಟ ಸ್ತ್ರೀಯರು. ಕೆಲವೇ ತಿಂಗಳು ಗುಳೆ ಬಂದು ಹೋಗುವವರು ಇಂತಹ ಗಣತಿಯ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. 2027ರ ಮಾರ್ಚ್ 1ನ್ನು ಉಲ್ಲೇಖ ದಿನವಾಗಿ ನಿಗದಿಪಡಿಸಿರುವ ಮುಂದಿನ ಜನಗಣತಿಯಲ್ಲಿ ಇವರು ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಗಣತಿದಾರರ ಕರ್ತವ್ಯವಾದಂತೆ ನೆರೆಹೊರೆಯ ಸಂಘಸಂಸ್ಥೆಗಳ ಕರ್ತವ್ಯವೂ ಹೌದು. ಕೋಪರಖೈರಣೆಯಲ್ಲಿ ಮಾಥಾಡಿಯ ಮನೆಯ ಗೋಡೆ ಕಟ್ಟಿದ ಗೌಂಡಿಯ ಹೆಸರೂ ಒಂದು ಪುಸ್ತಕದಲ್ಲಿ ದಾಖಲಾಗಬೇಕು. ಅವನಿಗೆ ಸಲ್ಲಬೇಕಾದ ಹಣ ಈಗಾಗಲೇ ಸೆಸ್ ರೂಪದಲ್ಲಿ ಸಂಗ್ರಹವಾಗಿದೆ.